ಮೊಳಕ್ಕೆ ಒಂದು ಬೆರಳು ಕಡಿಮೆ

ಕಥೆ, ಕಾದಂಬರಿ, ನಾಟಕ, ಸಿನಿಮಾಗಳನ್ನು ವಿಮರ್ಶೆ ಮಾಡುವವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಮದುವೆ ಊಟದ ವಿಮರ್ಶೆಯನ್ನಂತೂ ಕೈ ತೊಳೆಯುವ ಮೊದಲೇ ಮುಗಿಸುವ ಹೆಣ್ಣುಮಕ್ಕಳು ನಾವು. ಆದರೆ ಒಂದು ಕುರ್ಚಿಯ ವಿಮರ್ಶೆ ಬರೆದವರನ್ನು ನಾನು ಕಂಡಿಲ್ಲ. ಕುರ್ಚಿಗಾಗಿ ಹೊಡೆದಾಡುವವರ ಸುದ್ದಿ ದಿನವೂ ಪೇಪರಿನಲ್ಲಿ ಬರುತ್ತದೆ. ಆ ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಮುಟ್ಟುತ್ತದೆಯೋ ಇಲ್ಲವೋ ಎಂಬುದನ್ನು ಯಾರೂ ಬರೆಯುವುದಿಲ್ಲ.

ಹೋದ ಬೇಸಿಗೆಯಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕೆಗೆ ಹೋಗಿ ಬಂದೆ. ಸ್ಟಾಫ್ ರೂಮಿನಲ್ಲಿ, ಓಣಿಯಲ್ಲಿ, ಗುಡಿಯಲ್ಲಿ ಸಿಕ್ಕವರೆಲ್ಲ ಅಲ್ಲಿಯ ಕೆಂಪು ಸೇತುವೆ ನೋಡಿದಿರಾ, ಸಮುದ್ರ ನೋಡಿದಿರಾ ಎಂದು ಕೇಳುತ್ತಾರೆ. ನೋಡಿದೆ, ಚೆನ್ನಾಗಿದ್ದವು. ಆದರೆ ಮನಸ್ಸಿನಲ್ಲಿ ಕೂತುಬಿಟ್ಟದ್ದು ಸೇತುವೆಯಲ್ಲ. ಹದಿನಾರು ತಾಸು ನಾನು ಕೂತು ಹೋದ ಎಕಾನಮಿ ಕ್ಲಾಸಿನ ಕುರ್ಚಿ. ಅದರ ವಿಮರ್ಶೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದಕ್ಕೆ ನಿಮ್ಮ ಅರ್ಹತೆ ಏನು ಎಂದು ನೀವು ಕೇಳಬಹುದು. ಬಿ.ಎ., ಬಿ.ಎಡ್. ಓದುವಾಗ ಕುರ್ಚಿಯ ಬಗ್ಗೆ ಒಂದು ಪಾಠವೂ ಇರಲಿಲ್ಲ. ಆದರೆ ಇಕ್ಕಟ್ಟಿನಲ್ಲಿ ಕೂಡುವ ವಿದ್ಯೆಯಲ್ಲಿ ನನಗೆ ಮೂವತ್ತು ವರ್ಷದ ಅನುಭವವಿದೆ. ಮೊದಲ ನೌಕರಿ ಕಾಗವಾಡದ ಹತ್ತಿರದ ಹಳ್ಳಿಯಲ್ಲಿ. ಆಮೇಲೆ ಅಥಣಿ, ರಾಯಬಾಗ, ನಿಪ್ಪಾಣಿ, ಈಗ ಚಿಕ್ಕೋಡಿ. ಈ ಐದೂ ಊರುಗಳ ನಡುವೆ ಓಡಾಡುವ ಕೆಂಪು ಬಸ್ಸುಗಳಲ್ಲಿ ಮೂವರ ಸೀಟಿಗೆ ನಾಲ್ವರಾಗಿ ಕೂತಿದ್ದೇನೆ. ಉಗಾರ ಖುರ್ದದಿಂದ ಕುಡಚಿ, ಚಿಂಚಲಿ, ರಾಯಬಾಗದ ಮೇಲೆ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ ಗಂಟು ಮೂಟೆಗಳ ಮೇಲೆ ಕೂತಿದ್ದೇನೆ. ಬಸ್ಸು ತಪ್ಪಿದ ದಿನ ಟಂಟಂನಲ್ಲಿ, ಟ್ರ್ಯಾಕ್ಸಿನಲ್ಲಿ ಡ್ರೈವರನ ಪಕ್ಕದಲ್ಲೂ ಜಾಗ ಮಾಡಿಕೊಂಡು ಕೂತಿದ್ದೇನೆ. ಚಿಂಚಲಿ ಮಾಯಕ್ಕನ ಜಾತ್ರೆಗೆ ಚಕ್ಕಡಿಯಲ್ಲಿ ಹನ್ನೊಂದು ಜನ ಕೂತು ಹೋದದ್ದೂ ಉಂಟು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಈ ವಿದ್ಯೆಯಲ್ಲಿ ಪ್ರಾವೀಣ್ಯ ಪಡೆಯದವರು ನಮ್ಮ ಕಡೆ ಯಾರೂ ಉಳಿದಿಲ್ಲ.

ಈ ವಿದ್ಯೆಗೆ ಒಂದೇ ಒಂದು ಮಂತ್ರ. ಕಂಡಕ್ಟರ್ ಹೇಳುತ್ತಾನೆ, ಮುದುಕಿ ಹೇಳುತ್ತಾಳೆ, ಕೂಸನ್ನು ಬಗಲಲ್ಲಿ ಎತ್ತಿಕೊಂಡವಳು ಹೇಳುತ್ತಾಳೆ: "ಬಾಯಾರ, ಜರಾ ಸರಕೊಂಡ ಕೂಡ್ರಿ." ನಾವು ಸರಿಯುತ್ತೇವೆ. ಸರಿದಷ್ಟೂ ಜಾಗವಾಗುತ್ತದೆ. ಬಸ್ಸಿನ ಈ ಇಕ್ಕಟ್ಟಿನ ಬಗ್ಗೆ ನನಗೆ ದೂರಿಲ್ಲ. ತಾಸು, ಹೆಚ್ಚೆಂದರೆ ಎರಡು ತಾಸಿನ ಮಾತು. ನಡುವೆ ಯಾರಾದರೂ ಇಳಿಯುತ್ತಾರೆ, ಗಾಳಿ ಆಡುತ್ತದೆ, ಕೈಕಾಲು ಸಡಿಲಾಗುತ್ತವೆ. ಪಕ್ಕದವಳ ಬುಟ್ಟಿಯ ಬದನೆಕಾಯಿಯ ದರದಿಂದ ಹಿಡಿದು ಅವಳ ಸೊಸೆಯ ಸ್ವಭಾವದವರೆಗೆ ಮಾತೂ ಆಗಿರುತ್ತದೆ.

ಇಷ್ಟು ತಯಾರಿಯೊಡನೆ ವಿಮಾನ ಹತ್ತಿದೆ. ನಿಪ್ಪಾಣಿಯಿಂದ ರಾತ್ರಿ ಬಸ್ಸಿಗೆ ಮುಂಬಯಿ. ಅಲ್ಲಿಂದ ಕೊಲ್ಲಿ ದೇಶದ ಒಂದು ಊರು. ಅಲ್ಲಿ ವಿಮಾನ ಬದಲಿಸಿ ನೇರ ಸ್ಯಾನ್ ಫ್ರಾನ್ಸಿಸ್ಕೋ. ನಮ್ಮ ಮನೆಯವರು ವಯಸ್ಸಾದ ನಮ್ಮ ಅತ್ತೆಯವರನ್ನು ನೋಡಿಕೊಳ್ಳಲು ಊರಲ್ಲೇ ಉಳಿದರು, ಹೀಗಾಗಿ ನಾನೊಬ್ಬಳೇ. ಚೀಲದಲ್ಲಿ ಅಂಟಿನ ಉಂಡಿ, ಅಳವಿ, ಬಾಣಂತಿ ಖಾರ. ಕಾಲಲ್ಲಿ ಅಥಣಿಯ ಚಪ್ಪಲಿ.

ಈ ಚಪ್ಪಲಿಯ ಬಗ್ಗೆ ಎರಡು ಮಾತು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಕೊಲ್ಹಾಪುರಿ ಎಂದು ಊರೆಲ್ಲ ಕರೆಯುವ ಚಪ್ಪಲಿ ನಮ್ಮ ಅಥಣಿಯಲ್ಲೂ ತಯಾರಾಗುತ್ತದೆ. ಮನೆಯ ಹೆಣ್ಣುಮಕ್ಕಳು ಕೂತು ಹೆಣಿಗೆ, ಹೊಲಿಗೆ ಮಾಡುತ್ತಾರೆ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹೆಸರೂ ಸೇರಿತು. ನಾನು ಚಪ್ಪಲಿ ಹೇಳಿ ಮಾಡಿಸುವ ಕಾಕಾ ಕಾಗದದ ಮೇಲೆ ನನ್ನ ಎರಡೂ ಪಾದ ಇಡಿಸಿ ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು ಹೇಳಿದ್ದ: "ಬಾಯಾರ, ನಿಮ್ಮ ಎಡಗಾಲ ಜರಾ ದೊಡ್ಡದ ಐತಿ." ಐವತ್ತು ವರ್ಷ ಆ ಕಾಲಿನ ಮೇಲೆ ನಿಂತವಳಿಗೂ ಅದು ಗೊತ್ತಿರಲಿಲ್ಲ. ನನ್ನ ಎಡಗಾಲಿಗೆ ಎಡಗಾಲಿನಷ್ಟು, ಬಲಗಾಲಿಗೆ ಬಲಗಾಲಿನಷ್ಟು ಎಂದು ಆತ ಮಾಡಿಕೊಟ್ಟ ಚಪ್ಪಲಿ ಅದು.

ವಿಮಾನದೊಳಗೆ ಹೋದರೆ ಒಂದು ಸಾಲಿಗೆ ಹತ್ತು ಕುರ್ಚಿ: ಈ ಕಡೆ ಮೂರು, ನಡುವೆ ನಾಲ್ಕು, ಆ ಕಡೆ ಮೂರು. ನನ್ನದು ನಡುವಿನ ನಾಲ್ಕರಲ್ಲಿ ಎರಡನೆಯದು. ಎಡಕ್ಕೆ ಆರಡಿ ಮೀರಿದ ಒಬ್ಬ ತರುಣ. ಬಲಕ್ಕೆ ಎಪ್ಪತ್ತರ ಸುಮಾರಿನ ಒಬ್ಬ ಆಯಿ. ಮಿರಜ ಕಡೆಯವರು, ತವರು ಮನೆ ಶೇಡಬಾಳವಂತೆ, ಹಾಗಾಗಿ ಕನ್ನಡ ಬರುತ್ತಿತ್ತು. ಅವರೂ ಮೊಮ್ಮಗನನ್ನು ನೋಡಿಕೊಳ್ಳಲು ಹೊರಟವರೇ. ಅವರ ಆಚೆ, ಕೊನೆಯ ಕುರ್ಚಿಯಲ್ಲಿ ಒಬ್ಬರು ಕಂಪ್ಯೂಟರ್ ತೆರೆದು ಕೂತಿದ್ದರು.

ಕೂತ ಮೇಲೆ ನನ್ನ ಮೇಷ್ಟರ ಬುದ್ಧಿ ಎಚ್ಚರವಾಯಿತು. ಕುರ್ಚಿಯ ಅಗಲವನ್ನು ಗೇಣಿನಿಂದ ಅಳೆದೆ. ನಮ್ಮ ಲೆಕ್ಕದಲ್ಲಿ ಎರಡು ಗೇಣಿಗೆ ಒಂದು ಮೊಳ, ಮೊಳ ಎಂದರೆ 18 ಇಂಚು. ಎರಡನೆಯ ಗೇಣು ತುಂಬುವುದಕ್ಕೆ ಇನ್ನೂ ಒಂದು ಬೆರಳು ಇರುವಾಗಲೇ ಆ ಕಡೆಯ ಕೈದಾಂಡು ಬಂದುಬಿಟ್ಟಿತು. ಸಂತೆಯಲ್ಲಿ ಸೇವಂತಿಗೆ ಮಾರುವವಳು ಮೊಳ ಹಾಕುವಾಗ ಮೊಣಕೈಯನ್ನು ಸ್ವಲ್ಪ ಮಡಿಸುತ್ತಾಳಲ್ಲ, ಅಂಥ ಮೊಳ ಇದು. ಹೂವಿನಲ್ಲಿ ಒಂದು ಬೆರಳು ಕಡಿಮೆಯಾದರೆ ಜಡೆಗೇನೂ ನಷ್ಟವಿಲ್ಲ. ಹದಿನಾರು ತಾಸು ಕೂಡುವ ಮೈಗೆ ಆ ಒಂದು ಬೆರಳಿನ ಬೆಲೆ ಬೇರೆ.

ಆ ಬೆರಳು ಎಲ್ಲಿ ಹೋಯಿತು ಎಂಬುದನ್ನು ಆಮೇಲೆ ಅಳಿಯನ ಸಹಾಯದಿಂದ ಓದಿ ತಿಳಿದುಕೊಂಡೆ. ಲೆಕ್ಕ ಏಳನೆಯ ಇಯತ್ತೆಯದು. ಉದಾಹರಣೆಗೆ ಬೋಯಿಂಗ್ 777 ಎಂಬ ದೊಡ್ಡ ವಿಮಾನ. ಅದು 1995ರಲ್ಲಿ ಪ್ರಯಾಣಿಕರನ್ನು ಹೊತ್ತು ಹಾರಲು ಶುರುಮಾಡಿದಾಗ ಹೆಚ್ಚಿನ ಕಂಪನಿಗಳು ಎಕಾನಮಿಯಲ್ಲಿ ಸಾಲಿಗೆ 9 ಕುರ್ಚಿ ಹಾಕಿದ್ದವು; ಒಂದೊಂದರ ಅಗಲ ಸುಮಾರು ಹದಿನೆಂಟೂವರೆ ಇಂಚು. ವಿಮಾನದ ಗೋಡೆಗಳು ಇದ್ದಲ್ಲೇ ಇವೆ. ಆದರೆ ಬರಬರುತ್ತ ಹೆಚ್ಚಿನ ಕಂಪನಿಗಳು ಅದೇ ಅಗಲದಲ್ಲಿ 10 ಕುರ್ಚಿ ಕೂಡಿಸಿದವು. ಅಗಲ ಸುಮಾರು 17 ಇಂಚಿಗೆ ಇಳಿಯಿತು. ಗೋಡೆ ಸರಿಯಲಿಲ್ಲ, ಮನುಷ್ಯರು ಸರಿದರು. ನಾನು ಚಿಕ್ಕವಳಿದ್ದಾಗ ಪುರಾಣ ಹೇಳುವ ಶಾಸ್ತ್ರಿಗಳು, ಪುಷ್ಪಕ ವಿಮಾನದಲ್ಲಿ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಇದ್ದೇ ಇರುತ್ತಿತ್ತು ಎನ್ನುತ್ತಿದ್ದರು. ಈ ವಿಮಾನದಲ್ಲೂ ಹತ್ತನೆಯವರಿಗೆ ಜಾಗ ಸಿಕ್ಕಿದೆ. ವ್ಯತ್ಯಾಸ ಇಷ್ಟೇ: ಅಲ್ಲಿ ವಿಮಾನ ಹಿಗ್ಗುತ್ತಿತ್ತು, ಇಲ್ಲಿ ಜನ ಕುಗ್ಗುತ್ತಾರೆ.

ಇದು ವಿಧಿಯಲ್ಲ, ಆಯ್ಕೆ ಎಂಬುದನ್ನು ಗಮನಿಸಬೇಕು. ಬೋಯಿಂಗ್ 787 ವಿಮಾನದಲ್ಲಿ ಸಾಲಿಗೆ 8 ಅಥವಾ 9 ಕುರ್ಚಿ ಹಾಕಬಹುದು. ಹೆಚ್ಚಿನ ಕಂಪನಿಗಳು 9 ಹಾಕಿದರೆ ಜಪಾನ್ ಏರ್‌ಲೈನ್ಸ್ ತನ್ನ ದೂರದ ಪ್ರಯಾಣಗಳಿಗೆ 8ನ್ನೇ ಇಟ್ಟುಕೊಂಡಿತು. 2013ರಲ್ಲಿ ಏರ್‌ಬಸ್ ಕಂಪನಿ, ದೂರದ ಪ್ರಯಾಣದ ಕುರ್ಚಿ ಕನಿಷ್ಠ 18 ಇಂಚು ಇರಬೇಕು, ಅಂದರೆ ನಮ್ಮ ಒಂದು ಮೊಳ ಇರಬೇಕು ಎಂದು ಪ್ರಚಾರ ಮಾಡಿತು. ಅದು ತನ್ನ ಎದುರಾಳಿಗಿಂತ ತನ್ನ ವಿಮಾನ ಮೇಲು ಎಂದು ಹೇಳುವ ವ್ಯಾಪಾರಿಯ ಮಾತೇ ಇರಬಹುದು. ಆದರೂ ವ್ಯಾಪಾರಿಯ ಬಾಯಿಂದಲೇ ಮೊಳದ ಅಳತೆ ಬಂತಲ್ಲ ಎಂದು ನನಗೆ ಸಮಾಧಾನವಾಯಿತು.

ಈ ಕುರ್ಚಿಯ ವಿಷಯ ಕೋರ್ಟಿಗೂ ಹೋಗಿದೆ. ಅಮೆರಿಕೆಯ ಪ್ರಯಾಣಿಕರ ಒಂದು ಸಂಘ ಅಲ್ಲಿಯ ವಿಮಾನಯಾನ ಇಲಾಖೆಯ ಮೇಲೆ ಹೂಡಿದ ದಾವೆಯಲ್ಲಿ, ಸಾಲಿನಿಂದ ಸಾಲಿಗೆ ಇದ್ದ ಸರಾಸರಿ 35 ಇಂಚಿನ ಅಂತರ 31ಕ್ಕೆ ಇಳಿದಿದೆ, ಕೆಲವು ಕಡೆ 28ಕ್ಕೂ ಬಂದಿದೆ ಎಂದು ವಾದಿಸಿತು. 2017ರ ಜುಲೈಯಲ್ಲಿ ತೀರ್ಪು ಬರೆದವರು ಪೆಟ್ರಿಷಿಯಾ ಮಿಲೆಟ್ ಎಂಬ ಮಹಿಳಾ ನ್ಯಾಯಾಧೀಶರು. ಕುಗ್ಗುತ್ತ ಹೋಗುವ ಕುರ್ಚಿಯ ಪ್ರಕರಣ ಎಂದು ಸ್ವಲ್ಪ ತಮಾಷೆಯಾಗಿಯೇ ಅದನ್ನು ಕರೆದು, ಸಂಘದ ದೂರಿಗೆ ಇಲಾಖೆ ಸರಿಯಾದ ಉತ್ತರ ಕೊಡಬೇಕೆಂದು ಹೇಳಿದರು. ಮರುವರ್ಷ ಅಲ್ಲಿಯ ಸಂಸತ್ತು, ಕುರ್ಚಿಗೆ ಕನಿಷ್ಠ ಅಳತೆ ನಿಗದಿಮಾಡಿ ಎಂದು ಕಾಯದೆಯಲ್ಲಿ ಬರೆಯಿತು. ಇಲಾಖೆಯವರು ಪರೀಕ್ಷೆ ನಡೆಸಿದರು. ನಿಯಮದ ಪ್ರಕಾರ ಅಪಾಯದ ಹೊತ್ತಿನಲ್ಲಿ 90 ಸೆಕೆಂಡಿನಲ್ಲಿ ವಿಮಾನ ಖಾಲಿಯಾಗಬೇಕು. ಈಗಿನ ಕುರ್ಚಿಗಳು ಅದಕ್ಕೆ ಅಡ್ಡಿಯಾಗುತ್ತವೆಯೇ ಎಂದು 720 ಜನರನ್ನು ಕೂಡಿಸಿ ನೋಡಿ, ಅಡ್ಡಿಯಿಲ್ಲ ಎಂದರು. ಆ 720 ಜನ ಎಂಥವರು? 18ರಿಂದ 60 ವರ್ಷದೊಳಗಿನ ಗಟ್ಟಿ ಮೈಯವರು. ಮಕ್ಕಳಿಲ್ಲ, ಮುದುಕರಿಲ್ಲ, ಅಂಗವಿಕಲರಿಲ್ಲ. ನನ್ನ ಪಕ್ಕದ ಆಯಿಯಂಥವರು ಒಬ್ಬರೂ ಇಲ್ಲ. ಚುರುಕು ಮಕ್ಕಳಿಗಷ್ಟೇ ಪರೀಕ್ಷೆ ಕೊಟ್ಟು ಇಡೀ ಶಾಲೆಯೇ ಪಾಸಾಯಿತು ಎಂದ ಹಾಗಾಯಿತು. 2022ರಲ್ಲಿ ಜನರ ಅಭಿಪ್ರಾಯ ಕೇಳಿದಾಗ 26 ಸಾವಿರಕ್ಕೂ ಹೆಚ್ಚು ಉತ್ತರ ಬಂದವಂತೆ. ಅಷ್ಟು ಜನರ ಮೊಣಕಾಲು, ಸೊಂಟ ಮಾತಾಡಿರಬೇಕು.

ಆದರೆ ಒಂದು ಮಾತು. ಈ ಜಗಳದಲ್ಲೆಲ್ಲ ಹೆಚ್ಚಾಗಿ ಕೇಳುವುದು ಎತ್ತರದವರ, ದಪ್ಪನೆಯವರ ದೂರು: ಮೊಣಕಾಲು ತಾಗುತ್ತದೆ, ಭುಜ ತಾಗುತ್ತದೆ ಎಂದು. ನನ್ನ ದೂರು ಬೇರೆ. ನಾನು ಐದಡಿಯವಳು. ಮೊಣಕಾಲಿನ ಮುಂದೆ ನನಗೆ ಜಾಗ ಉಳಿಯಿತು. ಉಳಿಯದೆ ಹೋದದ್ದು ಕಾಲ ಕೆಳಗಿನ ನೆಲ. ಬೆನ್ನು ಹಿಂದಕ್ಕೆ ಹಚ್ಚಿ ಕೂತರೆ ಹಿಮ್ಮಡಿ ನೆಲಕ್ಕೆ ಮುಟ್ಟುವುದಿಲ್ಲ, ಕುರ್ಚಿಯ ಅಂಚು ತೊಡೆಯ ಹಿಂಭಾಗವನ್ನು ಒತ್ತುತ್ತದೆ. ಕಾಲು ಊರಬೇಕೆಂದು ಮುಂದೆ ಸರಿದರೆ ಬೆನ್ನಿಗೆ ಆಧಾರವಿಲ್ಲ. ಮನೆಯಲ್ಲಾದರೆ ಚಕ್ಕಳಮಕ್ಕಳ ಹಾಕಿ ಕೂಡುತ್ತಿದ್ದೆ. ಇಲ್ಲಿ ಹಾಗೆ ಕೂಡಲು ಮೊಳದಲ್ಲಿ ಬೆರಳು ಕಡಿಮೆ. ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಐದಡಿ, ಐದಡಿ ಎರಡಿಂಚಿನವರೇ ಹೆಚ್ಚು. ಹಾಗಾದರೆ ಈ ಕುರ್ಚಿಯ ಎತ್ತರ ಯಾರ ಕಾಲಿನ ಗೆರೆ ಎಳೆದು ಮಾಡಿದ್ದು?

ನಿಪ್ಪಾಣಿಯಲ್ಲಿದ್ದಾಗ ನನ್ನ ಎಷ್ಟೋ ವಿದ್ಯಾರ್ಥಿನಿಯರ ತಾಯಂದಿರು ಬೀಡಿ ಕಟ್ಟುವವರಾಗಿದ್ದರು. ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ನೆಲದ ಮೇಲೆ ಕೂಡುವರು. ಅವರ ಬೆನ್ನುನೋವಿನ ಕಥೆ ಸಣ್ಣದಲ್ಲ, ಅದನ್ನು ಸುಖ ಎಂದು ನಾನು ಹೇಳಲಾರೆ. ಆದರೂ ಅವರು ಒಂದು ಕಾಲು ಮಡಿಸುತ್ತಾರೆ, ಒಂದು ಚಾಚುತ್ತಾರೆ, ಗೋಡೆಗೆ ಒರಗುತ್ತಾರೆ, ಕೂಸು ಅತ್ತರೆ ಏಳುತ್ತಾರೆ. ನೆಲಕ್ಕೆ ಕೂಡುವ ಹತ್ತು ಭಂಗಿ ಗೊತ್ತು. ಈ ಕುರ್ಚಿಗೆ ಒಂದೇ ಗೊತ್ತು. ಕೂಡುವುದು ಕಷ್ಟವಲ್ಲ, ಕೂತ ಹಾಗೆಯೇ ಉಳಿಯುವುದು ಕಷ್ಟ.

ವಿಮಾನ ಏರಿ ಐದಾರು ತಾಸಾಗಿತ್ತು. ಎಡಗಡೆಯ ತರುಣ ಚಾದರ ಮುಖದ ಮೇಲೆಳೆದುಕೊಂಡು ಮಲಗಿದ್ದ. ಗಗನಸಖಿ ನೀರು ತಂದಾಗ ಆಯಿ ಕೈ ಆಡಿಸಿ ಬೇಡವೆಂದರು. ಎರಡನೆಯ ಸಲವೂ ಬೇಡವೆಂದರು. ಯಾಕೆ ಆಯಿ ಎಂದೆ.

"ನೀರ ಕುಡದರ ಏಳಬೇಕಾಗತೈತಿ ತಂಗಿ. ಎದ್ದರ ಮಂದಿಗೆ ತ್ರಾಸ" ಎಂದರು. ಮುಂಬಯಿ ಬಿಟ್ಟಾಗಿನಿಂದ ಅವರು ಎರಡು ಗುಟುಕಿಗಿಂತ ಹೆಚ್ಚು ಕುಡಿದಿರಲಿಲ್ಲ.

ನಗು ಬರಲಿಲ್ಲ ನನಗೆ. ಯಾಕೆಂದರೆ ನಾನೂ ಕುಡಿದಿರಲಿಲ್ಲ. ಕಾರಣವೂ ಅದೇ. ಮಕ್ಕಳಿಗೆ ಮೂವತ್ತು ವರ್ಷ ಆರೋಗ್ಯದ ಪಾಠ ಹೇಳಿದ ನಾನು, ಪಕ್ಕದಲ್ಲಿ ಮಲಗಿದ ಹುಡುಗನನ್ನು ಎಬ್ಬಿಸುವ ಸಂಕೋಚಕ್ಕೆ ಬಾಯಾರಿಕೆ ನುಂಗಿ ಕೂತಿದ್ದೆ. ಸೀರೆಯ ನೆರಿಗೆ ಕೆಡದಂತೆ, ಮೊಣಕೈ ಯಾರಿಗೂ ತಾಗದಂತೆ, ಊಟದ ತಟ್ಟೆಯ ಮೇಲೂ ಕೈಯನ್ನು ಎದೆಗೆ ಹತ್ತಿಸಿಕೊಂಡೇ ಉಂಡಿದ್ದೆ. ಎರಡೂ ಕಡೆಯ ಕೈದಾಂಡುಗಳನ್ನು ಯಾರೂ ಕೇಳುವ ಮೊದಲೇ ಬಿಟ್ಟುಕೊಟ್ಟಿದ್ದೆ. ಬಸ್ಸಿನಲ್ಲಿ ಕಂಡಕ್ಟರ್ ಹೇಳಿದರೆ ಸರಿಯುತ್ತೇವೆ. ಇಲ್ಲಿ ಯಾರೂ ಹೇಳಿರಲಿಲ್ಲ.

ಹನ್ನೊಂದನೆಯ ತಾಸಿಗೆ ಆಯಿಗೆ ತಡೆಯಲಾಗಲಿಲ್ಲ. ಆ ಕಡೆಯವರು ಕಂಪ್ಯೂಟರ್ ಎದೆಯ ಮೇಲಿಟ್ಟುಕೊಂಡು ನಿದ್ದೆಹೋಗಿದ್ದರು. ನಾನು ಧೈರ್ಯ ಮಾಡಿ ಈ ಕಡೆಯ ಹುಡುಗನ ತೋಳು ಮುಟ್ಟಿದೆ. ಅವನು ಥಟ್ಟನೆ ಎದ್ದು ನಿಂತ. "ಆಂಟಿ, ಮೊದಲೇ ಎಬ್ಬಿಸಬಾರದಿತ್ತೇ? ನನ್ನ ಮೊಣಕಾಲೂ ಸತ್ತುಹೋಗಿವೆ" ಎಂದು ಇಂಗ್ಲಿಷಿನಲ್ಲಿ ಹೇಳಿ, ಆಯಿಯ ಕೈ ಹಿಡಿದು ಓಣಿಯಂಥ ಆ ದಾರಿಯಲ್ಲಿ ತಾನೇ ಕರೆದುಕೊಂಡು ಹೋದ. ಪಾಪ, ಅವನದೂ ಅದೇ ಮೊಳವಲ್ಲವೇ. ನಾನು ಅವನಿಗೆ ಹೆದರಿ ಕೂತಿದ್ದೆ, ಅವನು ನಮಗೆ ತೊಂದರೆಯಾಗಬಾರದೆಂದು ಕಾಲು ಮಡಿಸಿ ಮಲಗಿದ್ದ.

ನನ್ನ ಮುಖ್ಯ ಆಕ್ಷೇಪಣೆ ಇರುವುದು ಇಲ್ಲಿ. ಈ ಕುರ್ಚಿ ಮೈಗೆ ನೋವು ಕೊಡುತ್ತದೆ ಎಂಬುದು ಸಣ್ಣ ದೋಷ. ಒಬ್ಬರ ಅವಶ್ಯಕತೆ ಇನ್ನೊಬ್ಬರ ಉಪಕಾರವಾಗುವ ಹಾಗೆ ಅದನ್ನು ಜೋಡಿಸಿದ್ದಾರೆ ಎಂಬುದು ದೊಡ್ಡ ದೋಷ. ನೀರು ಕುಡಿಯುವುದಕ್ಕೆ, ಬಚ್ಚಲಿಗೆ ಹೋಗುವುದಕ್ಕೆ, ಕಾಲು ಆಡಿಸುವುದಕ್ಕೆ ಕೇಳಿಕೊಳ್ಳಬೇಕು. ಕೇಳುವ ರೂಢಿ ಇದ್ದವರು ಕೇಳಿ ಎದ್ದು ಹೋಗುತ್ತಾರೆ. ಕೇಳದೆ ಸಹಿಸುವುದೇ ಗುಣ ಎಂದು ಕಲಿತು ಬಂದ ನಮ್ಮಂಥವರು ಕೂತೇ ಇರುತ್ತೇವೆ. ಟಿಕೆಟ್ಟಿನ ದರ ಎಲ್ಲರಿಗೂ ಒಂದೇ ಇದ್ದೀತು. ಕುರ್ಚಿ ಇಕ್ಕಟ್ಟಾದರೆ ಹೆಚ್ಚು ತೆರುವವಳು ಯಾವಾಗಲೂ ಮೊದಲೇ ಸರಿದು ಕೂತವಳು.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುವಾಗ ಬಗ್ಗಿ ಚಪ್ಪಲಿ ಹುಡುಕಿದೆ. ಬಲಗಾಲು ಕಷ್ಟಪಟ್ಟು ಹೋಯಿತು. ಎಡಗಾಲು ಹೋಗಲೇ ಇಲ್ಲ. ಅಥಣಿಯ ಕಾಕಾ ಗೆರೆ ಎಳೆದು ಮಾಡಿಕೊಟ್ಟ ಚಪ್ಪಲಿಯೊಳಗೆ ನನ್ನ ಕಾಲು ಹಿಡಿಸಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಕಾಲಿಗೆ ವಿಮಾನದವರು ಕೊಟ್ಟ ತೆಳ್ಳನೆಯ ಸಾಕ್ಸು ಹಾಕಿಕೊಂಡು ನಾನು ಅಮೆರಿಕೆಯ ನೆಲಕ್ಕೆ ಕಾಲಿಟ್ಟೆ. ತುಂಬು ಗರ್ಭಿಣಿ ಮಗಳು ಎದುರಿಗೆ ನಿಂತಿದ್ದಳು. ಅವಳು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಕೈಯಲ್ಲಿದ್ದ ಚಪ್ಪಲಿಯನ್ನು.

ಎರಡೂ ಕಾಲು ಬಾತಿದ್ದರೆ ಚಿಂತೆಯಿಲ್ಲ, ಬಹಳ ಜನರಿಗೆ ಹಾಗಾಗುತ್ತದೆ, ಒಂದು ದಿನದಲ್ಲಿ ಇಳಿಯುತ್ತದೆ. ನನ್ನ ಬಲಗಾಲು ಮರುದಿನ ಇಳಿಯಿತು. ಎಡಗಾಲಿನ ಮೀನಖಂಡ ಇಳಿಯಲಿಲ್ಲ, ಬಿಗಿದುಕೊಂಡು ನೋಯುತ್ತಿತ್ತು. ಮಗಳು ಕೇಳಲಿಲ್ಲ, ದವಾಖಾನೆಗೆ ಕರೆದೊಯ್ದಳು. ಹೆರಿಗೆಗೆ ಎರಡು ವಾರ ಉಳಿದವಳು ತನ್ನ ಹೊಟ್ಟೆ ಹಿಡಿದುಕೊಂಡು ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತು ನನಗಾಗಿ ಕಾಯುತ್ತಿದ್ದಳು. ಬಾಣಂತನಕ್ಕೆ ಬಂದವಳು ನಾನು. ಆರೈಕೆ ಮಾಡಿಸಿಕೊಳ್ಳುತ್ತಿದ್ದವಳೂ ನಾನೇ. ರಕ್ತನಾಳದ ಸ್ಕ್ಯಾನ್ ಆಯಿತು. ದೇವರು ದೊಡ್ಡವನು, ರಕ್ತ ಹೆಪ್ಪುಗಟ್ಟಿರಲಿಲ್ಲ.

ಹೊರಗೆ ಬಂದು ಕೂತಾಗ ಮಗಳ ಕಣ್ಣಲ್ಲಿ ನೀರಿತ್ತು. "ಅವ್ವಾ, ಒಮ್ಮೆ ಏಳ್ರಿ ಅಂತ ಹೇಳಾಕ ಏನಾಗಿತ್ತ ನಿನಗ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.

ಪರೀಕ್ಷೆ ಮಾಡಿದ ಡಾಕ್ಟರಮ್ಮ ನನ್ನ ಎತ್ತರ ಕೇಳಿ ತಲೆಯಾಡಿಸಿದ್ದರು. ಅದರ ಅರ್ಥ ಆಮೇಲೆ ಗೊತ್ತಾಯಿತು. ದೀರ್ಘ ಪ್ರಯಾಣದಲ್ಲಿ ಕಾಲಿನ ಒಳ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದಕ್ಕೆ 1977ರಿಂದಲೇ ಎಕಾನಮಿ ಕ್ಲಾಸ್ ಸಿಂಡ್ರೋಮ್ ಎಂಬ ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನಾಲ್ಕು ತಾಸಿಗಿಂತ ಹೆಚ್ಚು ಹೊತ್ತು ಅಲ್ಲಾಡದೆ ಕೂತು ಪ್ರಯಾಣ ಮಾಡಿದರೆ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಹೆದರಬೇಕಾಗಿಲ್ಲ, ಆರೋಗ್ಯವಂತರಲ್ಲಿ ಅದು 6,000 ಜನರಲ್ಲಿ ಒಬ್ಬರಿಗೆ ಆಗುವಂಥದ್ದು. ಆದರೆ ಯಾರಿಗೆ ಹೆಚ್ಚು ಎಂಬ ಪಟ್ಟಿ ನೋಡಿ: ಬಹಳ ಎತ್ತರದವರು, ಮೈ ಬಂದವರು, ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವವರು, ಮತ್ತು 160 ಸೆಂಟಿಮೀಟರಿಗಿಂತ ಗಿಡ್ಡರು. 160 ಎಂದರೆ ಐದಡಿ ಮೂರಿಂಚು. ನಮ್ಮ ಸ್ಟಾಫ್ ರೂಮಿನ ಎಂಟು ಶಿಕ್ಷಕಿಯರಲ್ಲಿ ಏಳು ಜನ ಆ ಪಟ್ಟಿಯಲ್ಲಿ ಬಂದೆವು. ಇನ್ನೊಂದು ವಿಷಯ: ಇದು ವಿಮಾನಕ್ಕಷ್ಟೇ ಅಲ್ಲ; ರೈಲು, ಬಸ್ಸು, ಕಾರಿಗೂ ಅನ್ವಯಿಸುತ್ತದೆ ಎಂದು ಅದೇ ವರದಿ ಹೇಳುತ್ತದೆ. ನಿಪ್ಪಾಣಿಯಿಂದ ಬೆಂಗಳೂರಿಗೆ ರಾತ್ರಿಯಿಡೀ ಕೂತು ಹೋಗುವವರೂ ಇದನ್ನು ನೆನಪಿಡಬೇಕು.

ವಿಮರ್ಶಕಿ ಗುಣವನ್ನೂ ಹೇಳಬೇಕಲ್ಲವೇ. ಹೇಳುತ್ತೇನೆ. ಅಟ್ಲಾಂಟಿಕ್ ದಾಟುವ ವಿಮಾನಗಳಲ್ಲಿ ಅಗ್ಗದ ದರ್ಜೆ ಬಂದದ್ದೇ 1952ರಲ್ಲಿ. ಎಕಾನಮಿ ಎಂಬ ಹೆಸರು ಬಂದದ್ದು 1958ರಲ್ಲಿ. ಅದಕ್ಕೆ ಮೊದಲು ವಿಮಾನ ಶ್ರೀಮಂತರ ಸೊತ್ತು. ಈ ಇಕ್ಕಟ್ಟಿನ ಕುರ್ಚಿ ಇಲ್ಲದಿದ್ದರೆ ಚಿಕ್ಕೋಡಿಯ ಒಬ್ಬ ಶಿಕ್ಷಕಿ ಮಗಳ ಬಾಣಂತನಕ್ಕೆ ಸಮುದ್ರ ದಾಟುವ ಮಾತೇ ಇರಲಿಲ್ಲ. ಮೊಮ್ಮಗಳನ್ನು ಹುಟ್ಟಿದ ದಿನವೇ ಎತ್ತಿಕೊಂಡ ಭಾಗ್ಯವನ್ನು ನನಗೆ ಕೊಟ್ಟದ್ದು ಆ ಕುರ್ಚಿಯೇ. ಅದರ ಋಣ ಮರೆಯಲಾರೆ. ಆದರೆ ಅಗ್ಗವಾಗಿ ಕೊಟ್ಟಿದ್ದೇವೆ, ಆದ್ದರಿಂದ ಅಳತೆ ಕೇಳಬೇಡಿ ಎಂದರೆ ಒಪ್ಪುವುದು ಹೇಗೆ? ಅಥಣಿಯ ಕಾಕಾ ನನ್ನಿಂದ ಸಾವಿರಾರು ಡಾಲರ್ ತೆಗೆದುಕೊಂಡಿರಲಿಲ್ಲ. ಆದರೂ ಕಾಲು ನೋಡಿದ್ದ.

ಬರುವಾಗ ನಾನು ಸ್ವಲ್ಪ ಹೆಚ್ಚು ಹಣ ಕೊಟ್ಟು ದಾರಿಯ ಬದಿಯ ಕುರ್ಚಿ ಕೇಳಿ ಪಡೆದೆ. ಕೈಚೀಲವನ್ನು ಕಾಲ ಕೆಳಗಿಟ್ಟು ಅದರ ಮೇಲೆ ಪಾದ ಊರಿದೆ. ತೊಡೆಯ ಒತ್ತಡ ಹೋಯಿತು. ಎರಡು ತಾಸಿಗೊಮ್ಮೆ ಎದ್ದು ಹಿಂದಿನ ಬಾಗಿಲವರೆಗೆ ಅಡ್ಡಾಡಿದೆ, ಕೂತಲ್ಲಿ ಹಿಮ್ಮಡಿ ಎತ್ತಿ ಇಳಿಸಿದೆ, ಕೇಳಿ ಕೇಳಿ ನೀರು ಕುಡಿದೆ. ಒಳಗಿನ ಕುರ್ಚಿಯ ಹೆಂಗಸಿಗೆ ಕೂತ ಕೂಡಲೇ ಹೇಳಿದೆ: "ನೀವು ಯಾವಾಗ ಬೇಕಾದರೂ ನನ್ನನ್ನು ಎಬ್ಬಿಸಿ." ಆಕೆಯ ಮುಖದ ಮೇಲೆ ಬಂದ ನಿಶ್ಚಿಂತೆ ನೋಡಿ, ಹೋಗುವಾಗ ಇದೊಂದು ಮಾತು ನಮಗೆ ಯಾರಾದರೂ ಹೇಳಿದ್ದರೆ ಎನಿಸಿತು. ಮುಂಬಯಿಯಲ್ಲಿ ಚಪ್ಪಲಿ ಎರಡೂ ಕಾಲಿಗೆ ಸರಾಗವಾಗಿ ಹೋಯಿತು.

ಜೂನ್ ತಿಂಗಳಲ್ಲಿ ಶಾಲೆ ತೆರೆಯಿತು. ನಮ್ಮ ಎಂಟನೆಯ ತರಗತಿಯ ಬೆಂಚುಗಳು ಮೂರು ಮಕ್ಕಳ ಬೆಂಚುಗಳು. ಹುಡುಗರ ಸಾಲಿನಲ್ಲಿ ಮೂವರಿದ್ದರು, ಹುಡುಗಿಯರ ಸಾಲಿನಲ್ಲಿ ನಾಲ್ವರು. ಪ್ರತಿ ವರ್ಷವೂ ಹಾಗೆಯೇ ಇತ್ತು. ಹಾಗೆ ಕೂಡಿಸಿದವಳು ನಾನೇ. ಹುಡುಗರು ಮೊಣಕೈ ಅಗಲಿಸಿ ಜಗಳ ತೆಗೆಯುತ್ತಾರೆ, ಹುಡುಗಿಯರು ಹೊಂದಿಕೊಳ್ಳುತ್ತಾರೆ ಎಂಬುದು ನನ್ನ ಮೂವತ್ತು ವರ್ಷದ ಲೆಕ್ಕ. ಅಂದು ಬಸ್ಸು ತಡವಾಗಿ ಬಂದ ಒಬ್ಬ ಹುಡುಗಿ ಬಾಗಿಲಲ್ಲಿ ನಿಂತಳು. ನನ್ನ ಬಾಯಲ್ಲಿ ಹಳೆಯ ಮಂತ್ರ ಬಂದೇಬಿಟ್ಟಿತ್ತು. ಅದನ್ನು ಆಡುವ ಮೊದಲೇ ಮುಂದಿನ ಬೆಂಚಿನ ನಾಲ್ವರೂ ಪಾಟೀಚೀಲ ತೊಡೆಯ ಮೇಲೆ ತೆಗೆದುಕೊಂಡು, ಮೈ ಹಿಡಿ ಮಾಡಿಕೊಂಡು ಸರಿದರು.

ಮಗಳು ದವಾಖಾನೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿ ಕೂತಿತ್ತು.

ಸಿಪಾಯಿಯನ್ನು ಕರೆದು ಗ್ರಂಥಾಲಯದ ಖೋಲಿಯಲ್ಲಿದ್ದ ಎರಡು ಬೆಂಚು ತರಿಸಿದೆ. ಧೂಳು ಒರೆಸಿ ಹಾಕಿಸಿದ ಮೇಲೆ ಹುಡುಗಿಯರನ್ನು ಮೂವರಂತೆ ಕೂಡಿಸಿದೆ. ಅವರು ಕೂತರು, ಆದರೆ ಬೆಂಚಿನ ಅಂಚಿನಲ್ಲಿ, ಅರ್ಧ ಬೆಂಚು ಖಾಲಿ ಬಿಟ್ಟು, ಇನ್ನೂ ಯಾರೋ ಬರುವವರಿದ್ದಾರೆ ಎಂಬಂತೆ. "ಯಾರೂ ಬರೂದಿಲ್ಲ. ಸರಿಯಾಗಿ ಕೂಡ್ರಿ" ಎಂದೆ. ಹುಡುಗಿಯರು ನನ್ನ ಮುಖ ನೋಡಿದರು. ಸರಿ ಎಂಬ ಮಾತು ನನ್ನ ಬಾಯಿಂದ ಅವರು ಎಷ್ಟೋ ಸಲ ಕೇಳಿದ್ದರು. ಈ ಅರ್ಥದಲ್ಲಿ ಕೇಳಿದ್ದು ಅದೇ ಮೊದಲಿರಬೇಕು.